ಗೋಡೆಯ ಹೊರಗಿನ ಗೋರಿಗಳು

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡರೆ ಕೇಳುವುದು ಉಪಕರಣಗಳ ಬಗ್ಗೆ. ಯಾವ ಟೋಟಲ್ ಸ್ಟೇಷನ್ ಒಳ್ಳೆಯದು, ಜಿಪಿಎಸ್ ಬಂದ ಮೇಲೂ ಥಿಯೋಡೊಲೈಟ್ ಕಲಿಯಬೇಕಾ, ಇಂಥವು. ನಾನು ಒಮಾನಿನಲ್ಲಿ ಹದಿನೆಂಟು ವರ್ಷ ರಸ್ತೆ ಅಳೆದವನು. ಶುರುವಿನಲ್ಲಿ ಉಕ್ಕಿನ ಟೇಪು, ಕೋನ ಅಳೆಯುವ ಥಿಯೋಡೊಲೈಟು. ಕೊನೆಗೆ ತೊಂಬತ್ತರ ದಶಕದಲ್ಲಿ ರುಸ್ತಾಕ್, ಬುರೈಮಿ ಕಡೆಯ ಕೆಲಸಗಳಲ್ಲಿ ಗುಂಡಿ ಒತ್ತಿದರೆ ದೂರವನ್ನೂ ಕೋನವನ್ನೂ ತಾನೇ ಬರೆದಿಟ್ಟುಕೊಳ್ಳುವ ಟೋಟಲ್ ಸ್ಟೇಷನ್ ಯಂತ್ರ. ಆ ಬದಲಾವಣೆಯ ಬಗ್ಗೆ ಹೇಳಲು ಬೇಕಾದಷ್ಟಿದೆ. ಆದರೆ ಎಡ ಯಾವುದು, ಬಲ ಯಾವುದು ಎಂದು ತೀರ್ಮಾನಿಸುವವನು ಇಂದಿಗೂ ಮನುಷ್ಯನೇ. ಆ ಮನುಷ್ಯ ಹೆದರಿದ್ದರೆ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಂಪೆನಿಗೆ ಸೂರ್ ಎಂಬ ಬಂದರು ಪಟ್ಟಣದಿಂದ ದಕ್ಷಿಣಕ್ಕೆ, ಕಡಲ ಬದಿಯ ಒಂದು ಮೀನುಗಾರರ ಹಳ್ಳಿಯವರೆಗೆ ಡಾಂಬರು ರಸ್ತೆ ಹಾಕುವ ಕೆಲಸ ಸಿಕ್ಕಿತು. ಪ್ರಾಜೆಕ್ಟ್ ಮ್ಯಾನೇಜರ್ ಡಿಕ್ಸನ್ ಎಂಬ ಇಂಗ್ಲಿಷರು, ಸೈನ್ಯದಲ್ಲಿದ್ದಾಗ ಸರ್ವೆ ಕಲಿತವರು. ನಾನು ಸೇರಿದ ಮೊದಲ ದಿನವೇ ನನ್ನ ಅಂಗಿಯ ಜೇಬಿನಿಂದ ರಬ್ಬರು ತೆಗೆದು ಗಾಡಿಯ ಕಿಟಕಿಯಿಂದ ಹೊರಗೆ ಎಸೆದಿದ್ದರು. "ಲಾರೆನ್ಸ್, ಫೀಲ್ಡ್ ಬುಕ್ಕಿನಲ್ಲಿ ತಪ್ಪಾದರೆ ಒಂದು ಗೆರೆ ಎಳೆ. ಸರಿಯಾದದ್ದನ್ನು ಪಕ್ಕದಲ್ಲಿ ಬರೆ. ನೀನು ಏನು ತಪ್ಪು ಮಾಡಿದ್ದೆ ಎಂದು ನಾಳೆ ಬರುವವನಿಗೂ ಕಾಣಬೇಕು," ಎಂದರು. ಅವರಿಂದ ಕಲಿತ ಈ ಒಂದು ಪಾಠವನ್ನು ನಾನು ಆಮೇಲೆ ಎಷ್ಟೋ ಜನರಿಗೆ ಕಲಿಸಿದ್ದೇನೆ.

ನನ್ನ ಜೊತೆ ಟೇಪು, ಕೋಲು ಹಿಡಿಯುವ ಚೈನ್‌ಮ್ಯಾನ್ ಆಗಿದ್ದವನು ಕಾಪು ಕಡೆಯ ಜಾರಪ್ಪ. ಕ್ರಿಶ್ಚಿಯನ್ನರನ್ನು ನಮ್ಮೂರಿನಲ್ಲಿ ಗೌರವದಿಂದ ಕರೆಯುವಂತೆ ನನ್ನನ್ನು 'ಪೊರ್ಬುಗಳೇ' ಎನ್ನುತ್ತಿದ್ದ. ಚೂಪು ಕಣ್ಣು, ಗಟ್ಟಿ ಆಳು. ಐವತ್ತು ಡಿಗ್ರಿ ಬಿಸಿಲಿಗೂ, ಹಾವಿಗೂ ಹೆದರದವನು. ಆ ಹಳ್ಳಿಗೆ ಎರಡು ಕಿಲೋಮೀಟರು ಇರುವಾಗ, ಒಂದು ವಾದಿ, ಅಂದರೆ ಮಳೆ ಬಂದರಷ್ಟೇ ಹರಿಯುವ ಒಣ ಹೊಳೆ, ಕಡಲು ಸೇರುವಲ್ಲಿನ ದಿಬ್ಬದ ಮೇಲೆ, ಮೊದಲ ಬಾರಿ ಅವನು ಅಳತೆಯ ಸ್ಟಾಫ್ ಕೋಲನ್ನು ಕೆಳಗಿಟ್ಟು ನಿಂತುಬಿಟ್ಟ.

ಸೊಂಟದೆತ್ತರದ ಒಂದು ಕಲ್ಲುಗೋಡೆ. ಒಳಗೆ ಹನ್ನೊಂದು ಗೋರಿಗಳು, ಮೂರು ನಾಲ್ಕರ ತಲೆಯಲ್ಲಿ ಸವೆದುಹೋದ ಇಂಗ್ಲಿಷ್ ಅಕ್ಷರಗಳು. ನಮ್ಮ ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ರಸ್ತೆಯ ನಡುಗೆರೆಯಾದ ಸೆಂಟರ್‌ಲೈನ್ ಮಾತ್ರ ಗೋಡೆಯನ್ನು ಸೀಳಿಕೊಂಡು ನೇರ ಹೋಗಿತ್ತು.

"ಇದು ಕುಲೆಗಳ ಜಾಗ ಪೊರ್ಬುಗಳೇ. ನಾನು ಬರುದಿಲ್ಲ," ಎಂದ ಜಾರಪ್ಪ.

"ಎಂಥ ಕುಲೆ, ಎಂಥ ದೆವ್ವ ಮಾರಾಯ? ಸತ್ತು ನೂರಾರು ವರ್ಷ ಆದವರು."

"ನೂರು ವರ್ಷ ಯಾರೂ ನೀರು ಕೊಡ್ಲಿಲ್ಲ ಅಂತ ಆಯ್ತಲ್ಲ. ಇನ್ನೂ ಕಷ್ಟ ಅದು."

ನಾನು ನಕ್ಕೆ. ಗೋಡೆಯ ಹೊರಗೆ, ಕಡಲಿಗೆ ಬೆನ್ನು ಹಾಕಿದ ಬದಿಯಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಥಿಯೋಡೊಲೈಟ್ ಕೂರಿಸಿ ಮಟ್ಟದ ಗುಳ್ಳೆ ಸರಿ ಮಾಡುತ್ತಿದ್ದಾಗ ಟ್ರೈಪಾಡಿನ ಒಂದು ಕಾಲು ಸದ್ದಿಲ್ಲದೆ ನೆಲದೊಳಗೆ ಇಳಿಯತೊಡಗಿತು. ಗೇಣು ಇಳಿಯಿತು, ಮೊಳ ಇಳಿಯಿತು. ನಾನು ಉಪಕರಣವನ್ನು ಅಪ್ಪಿ ಹಿಡಿದೆ. ನನ್ನ ಬೂಟಿನ ಕೆಳಗಿನ ಮಣ್ಣೂ ಟೊಳ್ಳು ಸದ್ದು ಮಾಡಿತು. ಕಾಲ ಬಳಿ ನೋಡಿದರೆ ಮರಳಲ್ಲಿ ಅರ್ಧ ಮುಚ್ಚಿದ ಒಂದು ಕಲ್ಲು, ಆರು ಅಡಿ ಆಚೆ ಇನ್ನೊಂದು. ಅಂಥ ಜೋಡಿಗಳು ಸುತ್ತಲೂ ಇದ್ದವು. ಸಮಾಧಿಗಳ ನಡುವೆ ಅಲ್ಲ, ಒಂದು ಸಮಾಧಿಯ ಮೇಲೇ ನಾನು ನಿಂತಿದ್ದೆ. ಆಮೇಲೆ ನಾನು ನಗಲಿಲ್ಲ.

ಅಷ್ಟರಲ್ಲಿ ಊರುಗೋಲು ಹಿಡಿದ ಒಬ್ಬ ಮುದುಕ ದಿಬ್ಬ ಹತ್ತಿ ಬಂದ. ಸಾಲಿಂ ಎಂದು ಹೆಸರು. ಪ್ರಾಯದಲ್ಲಿ ಸೂರ್‌ನ ಹಾಯಿಹಡಗುಗಳಲ್ಲಿ ದುಡಿದವನು, ಮರ ಮತ್ತು ಹಂಚು ತರಲು ಮಂಗಳೂರು ಬಂದರಿಗೆ ಎಷ್ಟೋ ಸಲ ಬಂದವನು. ಹಾಗಾಗಿ ಹಡಗಿನವರ ಹಿಂದಿ ಬರುತ್ತಿತ್ತು. ಆ ಗೋರಿಗಳನ್ನು ನೋಡಿಕೊಳ್ಳುವುದು ಅವನ ಮನೆತನಕ್ಕೆ ಬಂದ ಕೆಲಸ. ಸಂಬಳವಿಲ್ಲ, ಆಜ್ಞೆಯೂ ಇಲ್ಲ.

ಅವನು ಹೇಳಿದ ಕಥೆ ಇಷ್ಟು. ಅವನ ಅಜ್ಜನ ಅಜ್ಜನ ಕಾಲದಲ್ಲಿ ಬೊಂಬಾಯಿಯಿಂದ ಹಡಗುಗಳು ಬಂದವು. ಬಿಳಿಯ ಸರದಾರರು, ಅವರ ಕೆಳಗೆ ಹಿಂದೂಸ್ತಾನದ ಸಿಪಾಯಿಗಳು. ಒಳನಾಡಿಗೆ ಯುದ್ಧಕ್ಕೆ ನಡೆದು ಹೋದವರಲ್ಲಿ ಕೆಲವರು ಗಾಯಗೊಂಡು, ಕೆಲವರು ವಾಂತಿಭೇದಿ ಹಿಡಿದು ಕಡಲ ಬದಿಗೆ ಮರಳಿ ಬಂದರು. ಹಡಗು ಹತ್ತುವ ಮೊದಲೇ ಸತ್ತರು. ಸರದಾರರನ್ನು ಒಂದು ಕಡೆ ಮಣ್ಣು ಮಾಡಿ ಸುತ್ತ ಗೋಡೆ ಕಟ್ಟಿದರು. ಸಿಪಾಯಿಗಳನ್ನು ಹೊರಗೆ ಮಲಗಿಸಿದರು. ಹೊಂಡ ತೋಡಲು ಉಳಿದವರಿಗೆ ಶಕ್ತಿ ಇರಲಿಲ್ಲ, ತೋಡಿದವರು ಹಳ್ಳಿಯವರು. ಬಹಳ ವರ್ಷಗಳ ಮೇಲೆ ಸಮುದ್ರದಡಿ ತಂತಿ ಎಳೆಯಲು ಬಂದ ಒಬ್ಬ ಸಾಹೇಬನ ಎಳೆಗೂಸು ಗೋಡೆಯೊಳಗೆ ಸೇರಿತು. ಇನ್ನೂ ಆಮೇಲೆ, ಎಣ್ಣೆ ಹುಡುಕಿಕೊಂಡು ಬಂದು ಜ್ವರದಲ್ಲಿ ತೀರಿಕೊಂಡ ಒಬ್ಬ. ಅಲ್ಲಿಗೆ ಮುಗಿಯಿತು. ಎಷ್ಟೋ ವರ್ಷಕ್ಕೊಮ್ಮೆ ಯಾವುದಾದರೂ ನೌಕೆಯವರು ಬಂದು ಗೋಡೆಗೆ ಸುಣ್ಣ ಬಳಿದು ಹೋಗುತ್ತಿದ್ದರಂತೆ.

"ಹೊರಗಿನವರಿಗೆ?" ಎಂದು ಕೇಳಿದೆ.

"ಅವರಿಗೆ ಯಾರೂ ಬರಲಿಲ್ಲ. ಇವತ್ತು ನೀವು ಬಂದಿರಿ. ಇವರು ನಿಮ್ಮ ದೇಶದವರು."

"ನಿಮ್ಮ ಜನರ ಮೇಲೆ ಯುದ್ಧಕ್ಕೆ ಬಂದವರಲ್ಲವೇ? ನೀವು ಯಾಕೆ ನೋಡಿಕೊಳ್ಳುತ್ತೀರಿ?"

"ನಮ್ಮ ಊರಲ್ಲೇ ಉಳಿದುಬಿಟ್ಟರಲ್ಲ. ಬೇರೆ ಯಾರು ನೋಡಬೇಕು?" ಎಂದ.

ಮುಂದಿನ ಎರಡು ದಿನಗಳಲ್ಲಿ ನಾನು ಒಂದೊಂದು ಕಲ್ಲಿಗೂ ಬೇರಿಂಗ್, ಅಂದರೆ ದಿಕ್ಕಿನ ಕೋನ, ತೆಗೆದು, ಟೇಪು ಹಿಡಿದು, ಫೀಲ್ಡ್ ಬುಕ್ಕಿನಲ್ಲಿ ಬರೆದೆ. ಗೋಡೆಯ ಹೊರಗೆ ಇಪ್ಪತ್ತಮೂರು ಜೋಡಿ ಕಲ್ಲು. ಒಳಗಿನವು ಪೂರ್ವ ಪಶ್ಚಿಮವಾಗಿ ಮಲಗಿದ್ದವು, ಹೊರಗಿನವು ಉತ್ತರ ದಕ್ಷಿಣವಾಗಿ. ಅಂಕಿಗಳನ್ನು ಬರೆದೆನೇ ಹೊರತು ಅವುಗಳ ಅರ್ಥ ಏನೆಂದು ಯೋಚಿಸಲಿಲ್ಲ. ಆದಷ್ಟು ಬೇಗ ಆ ದಿಬ್ಬದಿಂದ ಇಳಿಯಬೇಕೆಂಬುದೊಂದೇ ತಲೆಯಲ್ಲಿತ್ತು.

ಗೋರಿಗಳನ್ನು ಬಿಟ್ಟು ರಸ್ತೆ ತಿರುಗಿಸೋಣ ಎಂದಾಗ ಡಿಕ್ಸನ್ ಒಪ್ಪಿದರು. ರಸ್ತೆಯನ್ನು ಮೂವತ್ತೈದು ಮೀಟರು ಕಡಲ ಕಡೆಗೆ ಸರಿಸಿದರೆ ಒಂದು ಕಲ್ಲಿಗೂ ತಾಗುವುದಿಲ್ಲ. ಆ ಲೆಕ್ಕ ನಾನೇ ಮಾಡಿದೆ. ತಪ್ಪಿದ್ದು ಅಲ್ಲೇ. ರಸ್ತೆಯ ಅಳತೆ ಸೂರ್‌ನಿಂದ ಹಳ್ಳಿಯ ಕಡೆಗೆ ನಡೆಯುತ್ತದೆ. ಆದರೆ ಗೋರಿಗಳ ಅಳತೆಯನ್ನು ನಾನು ಹಳ್ಳಿಯ ತುದಿಯಿಂದ ಹಿಂದಕ್ಕೆ ಬರುತ್ತಾ ತೆಗೆದಿದ್ದೆ. ಹಾಗೆ ಬರುವಾಗ ಕಡಲು ಬಲಕ್ಕೆ. ರಸ್ತೆಯ ದಿಕ್ಕಿನಲ್ಲಿ ನಡೆದರೆ ಎಡಕ್ಕೆ. ಪುಸ್ತಕದಿಂದ ಚೀಟಿಗೆ ಇಳಿಸುವಾಗ 'ಬಲಕ್ಕೆ ಮೂವತ್ತೈದು' ಎಂದೇ ಬರೆದೆ.

ಹೊಸ ಗೆರೆಯುದ್ದಕ್ಕೂ ಪೆಗ್, ಅಂದರೆ ಗುರುತಿನ ಗೂಟ, ಹೊಡೆಯಲು ಜಾರಪ್ಪ ಹೋಗುವುದಿಲ್ಲ ಎಂದ. ಆ ಜಾಗವನ್ನು ಹಿಂದೆ ನೋಡಿರದ ಇಬ್ಬರಿಗೆ ಚೀಟಿ ಕೊಟ್ಟು ಕಳುಹಿಸಿದೆ. ಅವರು ಚೀಟಿಯಲ್ಲಿದ್ದಂತೆ ಹೊಡೆದು ಬಂದು, ಚೀಟಿಯನ್ನು ವಾಪಸ್ ಕೊಟ್ಟರು. ಪೆಗ್ ಹೊಡೆದ ಮೇಲೆ ಸರ್ವೇಯರ್ ತಾನೇ ಹೋಗಿ ಒಮ್ಮೆ ನೋಡಬೇಕು, ಅದು ನಮ್ಮ ಕಸುಬಿನ ಮೊದಲ ನಿಯಮ. ನಾನು ನೋಡಲಿಲ್ಲ. ಸೂರ್ ಆಫೀಸಿನಲ್ಲಿ ಮೀಟಿಂಗ್ ಇತ್ತು ಎಂದು ಆಗ ಎಲ್ಲರಿಗೂ ಹೇಳಿದೆ. ಮೀಟಿಂಗ್ ಇದ್ದದ್ದು ನಿಜ. ದಿಬ್ಬ ಹತ್ತಲು ನನಗೆ ಹೆದರಿಕೆಯಾಗಿತ್ತು ಎಂಬುದು ಅದಕ್ಕಿಂತ ದೊಡ್ಡ ನಿಜ. ಟ್ರೈಪಾಡಿನ ಕಾಲು ಇಳಿದದ್ದು ನನ್ನ ಅಂಗಾಲಿಗೆ ಇನ್ನೂ ನೆನಪಿತ್ತು.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೂರ್‌ನಿಂದ ವಾಪಸ್ ಬರುತ್ತಿದ್ದೆ. ದೂರದಿಂದಲೇ ಬುಲ್ಡೋಜರ್ ದಿಬ್ಬದ ಮೇಲೆ ನಿಂತಿರುವುದು ಕಂಡಿತು. ಗೋಡೆಯ ತಪ್ಪು ಮಗ್ಗುಲಲ್ಲಿ ನಿಂತಿತ್ತು. ಇಂಜಿನ್ ಆಫ್ ಆಗಿತ್ತು. ಕೆಲಸದ ಹೊತ್ತಿನಲ್ಲಿ ಇಂಜಿನ್ ಆಫ್ ಆಗಿರುವುದು ನಮ್ಮ ಸೈಟಿನಲ್ಲಿ ಒಳ್ಳೆಯ ಲಕ್ಷಣವಲ್ಲ. ಪಿಕಪ್ ನಿಲ್ಲಿಸಿ ಓಡಿದೆ.

ಆಪರೇಟರ್ ಗುಲ್ ಖಾನ್ ಪೇಶಾವರ ಕಡೆಯ ಪಠಾಣ. ಆರಡಿ ಮೇಲಿನ ಆಳು, ನನಗಿಂತ ಹತ್ತು ವರ್ಷ ದೊಡ್ಡವನು. ತಲೆಯ ರುಮಾಲು ಬಿಚ್ಚಿ ನೆಲದ ಮೇಲೆ ಹರಡಿ, ಅದರ ಮುಂದೆ ಮೊಣಕಾಲೂರಿ ಕೂತಿದ್ದ. ರುಮಾಲಿನಲ್ಲಿ ಮೂಳೆಗಳಿದ್ದವು. ಒಂದು ಹಸಿರುಗಟ್ಟಿದ ಹಿತ್ತಾಳೆ ಗುಂಡಿ ಇತ್ತು. ಬ್ಲೇಡಿನ ಹಿಂದೆ ಕಲ್ಲು ಮಣ್ಣು ಒಂದಾಗಿ, ಇಪ್ಪತ್ತು ಮೀಟರು ಉದ್ದಕ್ಕೆ ನೆಲ ಬೋಳಾಗಿತ್ತು. ಕತ್ತರಿಸಿದ ದಂಡೆಯಲ್ಲಿ ಅಲುಗಾಡದೆ ಉಳಿದ ಒಂದು ಅಸ್ಥಿಪಂಜರ. ತಲೆ ಉತ್ತರಕ್ಕೆ, ಬಲಮಗ್ಗುಲಾಗಿ ಮಲಗಿ, ಮುಖ ಪಶ್ಚಿಮಕ್ಕೆ.

"ಲಾರೆನ್ಸ್ ಭಾಯ್, ಇವರ ಮುಖ ಕಿಬ್ಲಾದ ಕಡೆ ಇದೆ," ಎಂದ ಗುಲ್ ಖಾನ್. ಅವನ ಗಡ್ಡ ಒದ್ದೆಯಾಗಿತ್ತು. "ಇವರು ಮುಸಲ್ಮಾನರು. ನಾನು ಏನು ಮಾಡಿಬಿಟ್ಟೆ?"

ಉತ್ತರ ದಕ್ಷಿಣ. ಇಪ್ಪತ್ತಮೂರು ಸಲ ನಾನೇ ಬರೆದಿದ್ದೆ. ಕಿಬ್ಲಾ ಎಂದರೆ ಮೆಕ್ಕಾದ ದಿಕ್ಕು, ಆ ಊರಿನಿಂದ ನೇರ ಪಶ್ಚಿಮಕ್ಕೆ. ಬೇರಿಂಗ್ ತೆಗೆಯುವುದೇ ಕಸುಬಾದವನಿಗೆ ಅದು ಹೊಳೆದಿರಲಿಲ್ಲ. ಜೇಬಿನಲ್ಲಿದ್ದ ಚೀಟಿ ತೆಗೆದು ನೋಡಿದೆ. 'ಬಲಕ್ಕೆ ಮೂವತ್ತೈದು.' ಅದನ್ನು ಮುಷ್ಟಿಯೊಳಗೆ ಮುದುಡಿದೆ.

ಡಿಕ್ಸನ್ ಬಂದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪೂ ಬಂತು, ಸಾಲಿಂ ಹಳ್ಳಿಗೆ ಹೋಗಿ ಹೇಳಿದ್ದ. ಅಧಿಕಾರಿ ಗುಂಡಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನ್ನ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

"ಈ ಮಷೀನು ಓಡಿಸಿದವರು ಯಾರು?"

ಗುಲ್ ಖಾನ್ ಎದ್ದು ನಿಂತ. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡರು. ನಾನು ಅಲ್ಲಿಂದ ಐದು ಹೆಜ್ಜೆ ದೂರದಲ್ಲಿದ್ದೆ, ಚೀಟಿ ಮುಷ್ಟಿಯೊಳಗಿತ್ತು. 'ತಪ್ಪು ನನ್ನದು' ಎನ್ನಲು ಅಷ್ಟು ಹೊತ್ತು ಸಾಕಿತ್ತು. ನಾನು ಹೇಳಲಿಲ್ಲ. ಜೀಪು ದಿಬ್ಬ ಇಳಿಯಿತು.

ಮಧ್ಯಾಹ್ನ ಡಿಕ್ಸನ್ ತಮ್ಮ ಪೋರ್ಟಾಕ್ಯಾಬಿನ್‌ಗೆ ಕರೆದು ಬಾಗಿಲು ಹಾಕಿದರು. ಫೀಲ್ಡ್ ಬುಕ್ ಕೇಳಿದರು. ಗೋರಿಗಳ ಪುಟಗಳನ್ನು ತಿರುವಿ, ನನ್ನ ಚೀಟಿ ನೋಡಿ, ಕನ್ನಡಕ ತೆಗೆದಿಟ್ಟರು.

"ಇದನ್ನು ಬೇರೆ ಯಾರಾದರೂ ನೋಡಿದ್ದಾರೆಯೇ?"

"ಇಲ್ಲ ಸರ್."

"ಈ ನಾಲ್ಕು ಪುಟ ಇಲ್ಲದಿದ್ದರೆ ನಮಗೆ ಗೋಡೆಯ ಹೊರಗೆ ಗೋರಿ ಇದ್ದದ್ದೇ ಗೊತ್ತಿರಲಿಲ್ಲ. ಮುದುಕ ಹೇಳಿದ್ದಕ್ಕೆ ದಾಖಲೆಯಿಲ್ಲ. ಆಪರೇಟರ್ ಪೆಗ್ ದಾಟಿ ಹೋದ, ಅಷ್ಟೇ. ಇದ್ದರೆ, ಗೊತ್ತಿದ್ದೂ ಮಾಡಿದೆವು ಎಂದಾಗುತ್ತದೆ. ನಾನು ನಿನಗೆ ಏನೂ ಹೇಳುತ್ತಿಲ್ಲ, ಲಾರೆನ್ಸ್." ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ನನ್ನ ಮುಖ ನೋಡಲಿಲ್ಲ. ರಬ್ಬರು ಎಸೆದ ಮನುಷ್ಯ ಅವರೇ.

ಗುರುವಾರ, ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ರಜೆ. ಏನೂ ಮಾಡದೆ ಕೂರಲು ನನಗೊಂದು ನೆಪ ಸಿಕ್ಕಿತು. ಮೆಸ್ಸಿನಲ್ಲಿ ಊಟಕ್ಕೆ ಕೂತವರ ಬಾಯಲ್ಲಿ ಅದೊಂದೇ ಮಾತು. ಕಬರು ಅಗೆದರೆ ಹತ್ತು ವರ್ಷ ಒಳಗೆ ಎಂದ ಒಬ್ಬ. ಹತ್ತಲ್ಲ, ಹೊರಗೆ ಬರುವುದೇ ಇಲ್ಲ ಎಂದ ಇನ್ನೊಬ್ಬ. ನನ್ನ ಪಾಸ್‌ಪೋರ್ಟು ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್‌ನ ಕಪಾಟಿನಲ್ಲಿತ್ತು. ಊರಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು, ಚಿಕ್ಕವಳನ್ನು ನಾನು ಇನ್ನೂ ನೋಡಿರಲಿಲ್ಲ. ಕ್ಯಾಂಪಿನ ಮುಂದೆ ಗಾಡಿ ನಿಂತ ಸದ್ದಾದರೆ ಎದ್ದು ಕಿಟಕಿಯಿಂದ ಇಣುಕುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಶೇವಿಂಗ್ ಬ್ಲೇಡು ತೆಗೆದು, ಆ ನಾಲ್ಕು ಪುಟಗಳ ಬುಡಕ್ಕೆ ಇಟ್ಟೆ. ಹೊಲಿಗೆಯ ಎರಡು ದಾರ ಕತ್ತರಿಸಿಯೂ ಬಿಟ್ಟೆ.

ಜಾರಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಎಂತ ಮಾಡ್ತಾ ಇದ್ದೀರಿ ಪೊರ್ಬುಗಳೇ?"

ಸುಳ್ಳು ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವನು ಒಳಗೆ ಬಂದು ಎದುರಿನ ಮಂಚದಲ್ಲಿ ಕೂತ.

"ನಾನು ಹೋಗಿ ಪೆಗ್ ಹೊಡೆದಿದ್ರೆ ಹೀಗೆ ಆಗ್ತಿರ್ಲಿಲ್ಲ. ನನಗೆ ಕುಲೆಯ ಹೆದರಿಕೆ. ನಿಮಗೀಗ ಪೊಲೀಸರ ಹೆದರಿಕೆ. ಒಳಗೆ ಕೂತ ಖಾನ್‌ಗೆ ಎರಡೂ ಉಂಟಲ್ಲ ಮಾರಾಯ್ರೆ."

ಬ್ಲೇಡನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಡಿಕ್ಸನ್ ಅವರ ಮುಂದೆ ನಿಂತು, ವಾಲಿಯ ಕಚೇರಿಗೆ ಹೋಗುತ್ತೇನೆ, ಪುಸ್ತಕ ಕೊಂಡೊಯ್ಯುತ್ತೇನೆ ಎಂದೆ. ವಾಲಿ ಎಂದರೆ ಆ ಜಿಲ್ಲೆಯ ಆಡಳಿತಗಾರ. ಡಿಕ್ಸನ್ ಪಿಕಪ್ಪಿನ ಕೀಲಿಕೈ ತೆಗೆದು ಮೇಜಿನ ಅಂಚಿಗೆ ಇಟ್ಟರು.

ವಾಲಿ ಜನರ ದೂರು ಕೇಳುವ ಕೋಣೆಯಾದ ಮಜ್ಲಿಸ್ಸಿನಲ್ಲಿ ಹತ್ತು ಹನ್ನೆರಡು ಜನ ಗೋಡೆಗೆ ಒರಗಿ ಕೂತಿದ್ದರು. ಅವರಲ್ಲಿ ಸಾಲಿಂ ಇದ್ದ, ಬುಧವಾರದ ಪೊಲೀಸ್ ಅಧಿಕಾರಿಯೂ ಇದ್ದರು. ನನ್ನ ಮುಂದೆ ಕಹ್ವಾ, ಅರಬ್ಬರ ಕಾಫಿ, ತಂದಿಟ್ಟರು. ಲೋಟವನ್ನು ಬದಿಗೆ ಸರಿಸಿ ಹೇಳಲು ಶುರು ಮಾಡಿದೆ. ಹಿಂದಿ ಬಲ್ಲ ಗುಮಾಸ್ತನೊಬ್ಬ ನನ್ನ ಮಾತನ್ನು ಅರಬ್ಬಿಗೆ ತಿರುಗಿಸಿ ಹೇಳಿದ.

ವಾಲಿ ಕೇಳಿದರು. "ಅಲ್ಲಿ ಪೆಗ್ ಇರಲೇ ಇಲ್ಲ, ತಾನೇ ದಾರಿ ತಪ್ಪಿ ಹೋದೆ ಎಂದು ಡ್ರೈವರ್ ಹೇಳಿದ್ದಾನೆ. ನೀವು ಪೆಗ್ ಇತ್ತು ಎನ್ನುತ್ತೀರಿ."

ನನಗೆ ಅರ್ಥವಾಗಲಿಲ್ಲ. "ಇತ್ತು. ನಾನೇ ಹಾಕಿಸಿದ್ದು. ಚೀಟಿ ಇಲ್ಲಿದೆ."

ಅವರು ಪುಸ್ತಕ ಕೈಗೆ ತೆಗೆದುಕೊಂಡರು. ಕತ್ತರಿಸಿದ ದಾರದ ಮೇಲೆ ಬೆರಳಾಡಿಸಿದರು.

"ಇದನ್ನು ಯಾರು ಕತ್ತರಿಸಿದ್ದು?"

"ನಾನೇ. ನಿನ್ನೆ. ಹೆದರಿಕೆಯಲ್ಲಿ."

"ಮತ್ತೆ ಯಾಕೆ ನಿಲ್ಲಿಸಿದಿರಿ?"

ನಾನು ಬಾಯಿ ತೆರೆಯುವ ಮೊದಲೇ ಸಾಲಿಂ ಮುಂದೆ ಸರಿದು ಕೂತು ಪುಟದ ಮೇಲೆ ಬಗ್ಗಿದ. ಅವನಿಗೆ ಓದಲು ಬಾರದು. ಚುಕ್ಕೆಗಳನ್ನೂ ಗೆರೆಗಳನ್ನೂ ಬೆರಳಿನಿಂದ ಮುಟ್ಟುತ್ತಾ, ಯಾವುದು ಯಾವ ಕಲ್ಲು ಎಂದು ನನ್ನನ್ನು ಕೇಳಿದ. ನಾನು ಹೇಳುತ್ತಾ ಹೋದೆ. ಕೊನೆಗೆ ವಾಲಿಯ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಅಂದ. ಗುಮಾಸ್ತ ನನಗೆ ಹೇಳಿದ. "ಕಿತ್ತುಹೋದ ಗೋರಿಗಳು ಎಲ್ಲಿದ್ದವೆಂದು ನನಗೇ ಸರಿಯಾಗಿ ಗೊತ್ತಿಲ್ಲ, ಈ ಪುಸ್ತಕಕ್ಕೆ ಗೊತ್ತಿದೆ ಎನ್ನುತ್ತಿದ್ದಾನೆ."

ವಾಲಿಯ ತೀರ್ಮಾನ ಸಣ್ಣದು. ರಸ್ತೆ ಕಡಲ ಕಡೆಗೆ ಹೋಗಬೇಕು. ಮೂಳೆಗಳನ್ನು ಅವು ಇದ್ದಲ್ಲಿಯೇ ಮತ್ತೆ ಮಣ್ಣು ಮಾಡಬೇಕು. ಆ ಜಾಗಗಳನ್ನು ಗುರುತಿಸಿ ಕೊಡಬೇಕಾದವನು ನಾನು. ಮುಂದಿನದನ್ನು ಆಮೇಲೆ ನೋಡೋಣ. ಗುಲ್ ಖಾನ್‌ನನ್ನು ಅಂದೇ ಬಿಟ್ಟರು.

ಮರುದಿನ ಬೆಳಿಗ್ಗೆ ದಿಬ್ಬದ ಮೇಲೆ ಇಡೀ ಹಳ್ಳಿಯೇ ನಿಂತಿತ್ತು. ಅಷ್ಟು ಜೋಡಿ ಕಣ್ಣುಗಳ ಮುಂದೆ ಟ್ರೈಪಾಡ್ ನಿಲ್ಲಿಸುವಾಗ ಆದ ಹೆದರಿಕೆ ಜೈಲಿನ ಯೋಚನೆಯಲ್ಲೂ ಆಗಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ? ಗುಳ್ಳೆಯನ್ನು ಮೂರು ಸಲ ಸರಿ ಮಾಡಿದೆ. ಜಾರಪ್ಪ, ಯಾರೂ ಕರೆಯದೆಯೇ, ಗುರಿ ಹಿಡಿಯುವ ಉದ್ದ ಕೋಲು ರೇಂಜಿಂಗ್ ರಾಡ್ ಹಿಡಿದು ಬೋಳಾದ ನೆಲದ ನಡುವೆ ಹೋಗಿ ನಿಂತ. ಅವನ ತುಟಿಗಳು ಅಲುಗಾಡುತ್ತಿದ್ದವು, ಯಾವ ದೈವವನ್ನು ನೆನೆಯುತ್ತಿದ್ದನೋ. ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿದೆ, ಅವನು ಗಟ್ಟಿಯಾಗಿ ತಿರುಗಿ ಹೇಳಿದ. ಪ್ರತಿಯೊಂದನ್ನೂ ಎರಡು ಸಲ ಅಳೆದೆವು. ಏಳು ಗೋರಿಗಳು. ಮೂಳೆಗಳು ಬೆರೆತುಹೋಗಿದ್ದರಿಂದ ಯಾರದು ಯಾವುದೆಂದು ಹೇಳುವಂತಿರಲಿಲ್ಲ. ಏಳು ಬಿಳಿ ಬಟ್ಟೆಗಳಲ್ಲಿ ಹಂಚಿ ಇಳಿಸಿದರು. ಇಮಾಮರು ಪ್ರಾರ್ಥನೆ ಮಾಡಿದರು.

"ಇದರಲ್ಲಿ ನಮ್ಮವರೂ ಒಬ್ಬರಿದ್ರೆ?" ಎಂದು ಜಾರಪ್ಪ ನನ್ನ ಕಿವಿಯಲ್ಲಿ ಕೇಳಿದ. ಉತ್ತರಕ್ಕೆ ಕಾಯದೆ, ದೂರದಲ್ಲಿ ನಿಂತು ಏಳಕ್ಕೂ ಕೈಮುಗಿದ.

ನನಗೆ ಆಮೇಲೆ ಆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ತಿಂಗಳು ವಿಚಾರಣೆ ನಡೆಯಿತು, ಎಚ್ಚರಿಕೆ ಕೊಟ್ಟು ಬಿಟ್ಟರು. ಕಂಪೆನಿ ಮಾತ್ರ ರಜೆಗೆಂದು ಊರಿಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳಲಿಲ್ಲ. ಒಂದೂವರೆ ವರ್ಷದ ಮೇಲೆ ಇನ್ನೊಂದು ಕಂಪೆನಿ ಸೇರಿ ಒಮಾನಿಗೆ ಮರಳಿದೆ. ಸಂದರ್ಶನದಲ್ಲಿ ಹಳೆಯ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿದ್ದೆ. ಅಲ್ಲಿಂದ ಮುಂದೆ, ಕೆಲಸ ಬಿಡುವ ದಿನದವರೆಗೆ, ಸ್ವತಃ ನಡೆದು ನೋಡದ ಪೆಗ್ಗನ್ನು ನಾನು ಯಾರ ಕೈಗೂ ಒಪ್ಪಿಸಲಿಲ್ಲ.

ಆದರೆ ಆ ಬೆಳಿಗ್ಗೆಯ ಇನ್ನೊಂದು ಮಾತು ಉಳಿದಿದೆ. ಪ್ರಾರ್ಥನೆ ಮುಗಿದು ಜನ ಇಳಿದು ಹೋಗುತ್ತಿದ್ದರು. ತಲೆಗಲ್ಲುಗಳನ್ನು ನಿಲ್ಲಿಸುವುದು ಬಾಕಿ ಇತ್ತು. ಗುಲ್ ಖಾನ್ ಒಬ್ಬನೇ ಕಲ್ಲು ಆರಿಸುತ್ತಿದ್ದ. ಹತ್ತಿರ ಹೋದೆ.

"ಖಾನ್ ಸಾಹೇಬ್, ಪೆಗ್ ಇರಲಿಲ್ಲ ಎಂದು ಯಾಕೆ ಹೇಳಿದಿರಿ?"

"ಪೊಲೀಸರು ಬರುವ ಮೊದಲೇ ಕಿತ್ತು ಮಷೀನಿನ ಟೂಲ್ ಬಾಕ್ಸಿಗೆ ಹಾಕಿದ್ದೆ," ಎಂದ. "ಮೊದಲ ಕಲ್ಲು ಎದ್ದಾಗಲೇ ನನಗೆ ಅನುಮಾನ ಬಂದಿತ್ತು, ಭಾಯ್. ಪೆಗ್ ಇದೆಯಲ್ಲ, ನನಗೇನು ಎಂದು ಮುಂದೆ ಹೋದೆ. ನಾಳೆ ಸತ್ತ ಮೇಲೆ ಮೇಲಿನವನು ಕೇಳಿದಾಗ ಪೆಗ್ ತೋರಿಸಲು ಆಗುತ್ತದಾ?"

ಬುಧವಾರದಿಂದಲೇ ನನಗೆ ಗೊತ್ತಿತ್ತು, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಿದೆ.

ಅವನು ಕಲ್ಲಿನ ಮಣ್ಣನ್ನು ಅಂಗೈಯಿಂದ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತು. ಮೂರು ದಿನ ಲಾಕಪ್ಪಿನ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದೆ."

ಅಷ್ಟು ಹೇಳಿ ಅವನು ಕಲ್ಲಿನ ಒಂದು ತುದಿಗೆ ಕೈ ಹಾಕಿದ. ಒಬ್ಬನಿಂದ ಎತ್ತಲಾಗದ ಕಲ್ಲು ಅದು. ಇನ್ನೊಂದು ತುದಿಯನ್ನು ನಾನು ಹಿಡಿದೆ.